ಮಲಪ್ರಭೆಯ ಬೀಗರ ಊರಿಗೆ

ನಮ್ಮ ದೊಡ್ಡವ್ವ ಸಮುದ್ರಕ್ಕೆ ಹೊರಟದ್ದು ಸಮುದ್ರ ನೋಡುವುದಕ್ಕಲ್ಲ, ಅದರ ಜೊತೆ ಜಗಳ ಆಡುವುದಕ್ಕೆ. ಜಗಳವೂ ಅವಳದಲ್ಲ, ಹೊಳೆಯದು. ಹೀಗೆ ಬರೆದರೆ ಓದುವವರಿಗೆ ನನಗೇ ತಲೆ ಕೆಟ್ಟಿದೆ ಎನಿಸಬಹುದು, ಆದ್ದರಿಂದ ಮೊದಲಿನಿಂದ ಹೇಳುತ್ತೇನೆ.

ದೊಡ್ಡವ್ವ ಎಂದರೆ ನನ್ನ ಅವ್ವನ ಅಕ್ಕ. ಅಕ್ಕತಂಗಿಯರ ತವರು ಗಜೇಂದ್ರಗಡದ ಪಕ್ಕದ ಪುರ್ತಗೇರಿ. ಅಲ್ಲಿ ಬಾವಿಯಿಂದ ನೀರು ಸೇದಿ ಸೇದಿ ಅಂಗೈ ಗಟ್ಟಿ ಮಾಡಿಕೊಂಡ ಹುಡುಗಿಯನ್ನು ಮಲಪ್ರಭೆಯ ದಂಡೆಯ ಹೊಳೆಮಣ್ಣೂರಿಗೆ ಕೊಟ್ಟರು. ಹೊಳೆ ಕಂಡು ಆದಷ್ಟು ಸಂತೋಷ ಗಂಡನನ್ನು ಕಂಡು ಆಗಲಿಲ್ಲವಂತೆ. ಇದನ್ನು ಅವಳು ದೊಡ್ಡಪ್ಪ ಬದುಕಿದ್ದಾಗ ಅವನೆದುರಿಗೇ ಹೇಳುತ್ತಿದ್ದಳು, ಅವನು ಎಲೆ ಅಡಿಕೆ ಮೆಲ್ಲುತ್ತ ಹೌದು ಹೌದು ಎನ್ನುತ್ತಿದ್ದ. ಒಬ್ಬನೇ ಮಗ ಹುಟ್ಟಿದ, ಹೆಣ್ಣುಮಕ್ಕಳು ಆಗಲಿಲ್ಲ. ಅಂದಿನಿಂದಲೋ ಅದಕ್ಕೂ ಮೊದಲಿನಿಂದಲೋ ಅವಳು ಹೊಳೆಗೆ ‘ನಮ್ಮ ಹುಡುಗಿ’ ಎನ್ನತೊಡಗಿದಳು. ಬಟ್ಟೆ ಒಗೆಯಲು ಹೋದರೆ ಹುಡುಗಿಗೆ ಮನೆಯ ಸುದ್ದಿಯೆಲ್ಲ ವರದಿಯಾಗುತ್ತಿತ್ತು. ನಾಗರ ಪಂಚಮಿಗೆ ಉಂಡಿ, ದೀಪಾವಳಿಗೆ ಕುಬುಸದ ಬಟ್ಟೆ, ಎಲ್ಲ ಅವಳ ಪಾಲಿಗೆ ಸರಿಯಾಗಿ ಸಲ್ಲುತ್ತಿತ್ತು.

ಹುಡುಗಿಯ ಗುಣ ಮಾತ್ರ ಹೇಳುವಂತಿರಲಿಲ್ಲ. ಮಳೆಗಾಲದಲ್ಲಿ ಮೇಲಿನ ಆಣೆಕಟ್ಟಿನಿಂದ ನೀರು ಬಿಟ್ಟರೆಂದರೆ ಅವಳು ಹಿತ್ತಲ ಬಾಗಿಲಿನಿಂದ ದೊಡ್ಡವ್ವನ ಮನೆಗೆ ಬಂದು, ಪಡಸಾಲೆಯಲ್ಲಿ ಠಿಕಾಣಿ ಹೂಡಿ, ಮನಸ್ಸಿಗೆ ಬಂದಾಗ ಎದ್ದು ಹೋಗುತ್ತಿದ್ದಳು. ಹೋಗುವಾಗ ಜೋಳದ ಚೀಲ, ಕೋಳಿ, ಚಪ್ಪಲಿ, ಸಿಕ್ಕದ್ದನ್ನೆಲ್ಲ ಒಯ್ಯುತ್ತಿದ್ದಳು. ಮನೆ ಮಂದಿ ಟ್ರ್ಯಾಕ್ಟರಿನ ಟ್ರಾಲಿ ಏರಿ ದಿನ್ನೆಯ ಮೇಲಿನ ಸಾಲೆಯಲ್ಲಿ ಮಲಗಬೇಕು, ಇಳಿದ ಮೇಲೆ ಬಂದು ಕೆಸರು ಬಳಿಯಬೇಕು. ಬೇರೆಯವರು ಹೊಳೆಯನ್ನು ಬೈದರೆ ದೊಡ್ಡವ್ವನಿಗೆ ಸಿಟ್ಟು ಬರುತ್ತಿತ್ತು. “ತವರಮನಿಗೆ ಬಂದಾಳ, ಬರಲಿ ಬಿಡ್ರಿ” ಎನ್ನುವಳು. ಬಾಣಲೆ ತೇಲಿ ಹೋದರೂ ಇದೇ ಮಾತು. ಬಾಣಲೆ ತಿಕ್ಕುವವಳು ಸೊಸೆ, ಆದ್ದರಿಂದ ಸೊಸೆಗೆ ಈ ನಾದಿನಿಯ ಮೇಲೆ ಅಷ್ಟೇನೂ ಪ್ರೀತಿ ಇರಲಿಲ್ಲ.

ಮಗ ದಿನ್ನೆಯ ಮೇಲೆ ಹೊಸ ಮನೆ ಕಟ್ಟಿಸಿದ. ಅದಕ್ಕೆ ಬಣ್ಣ ಹಚ್ಚಿದ್ದಾಯಿತು, ಕೀಲಿ ಹಾಕಿದ್ದೂ ಆಯಿತು. ದೊಡ್ಡವ್ವ ಜಪ್ಪಯ್ಯ ಎಂದರೂ ಹಳೆಯ ಮನೆ ಬಿಡಲೊಲ್ಲಳು, ಅವಳನ್ನು ಬಿಟ್ಟು ಮಗ ಸೊಸೆ ಹೋಗಲೊಲ್ಲರು. ಹೋದ ಶಿವರಾತ್ರಿಯ ಸುಮಾರಿಗೆ ನಾನು ಹೊಳೆಮಣ್ಣೂರಿಗೆ ಹೋದಾಗ ಸೊಸೆ ನನ್ನನ್ನು ಹಿತ್ತಲಿಗೆ ಎಳೆದುಕೊಂಡು ಹೋಗಿ, ತಾನು ಬಸಿರೆಂದೂ ಶ್ರಾವಣಕ್ಕೆ ಹೆರಿಗೆಯೆಂದೂ ಹೇಳಿದಳು. ಶ್ರಾವಣವೆಂದರೆ ಹೊಳೆ ಬರುವ ಹೊತ್ತು.

“ಅಕ್ಕಾ, ಟ್ರ್ಯಾಕ್ಟರಿನ್ಯಾಗ ಹಡೀಬೇಕೇನು ನಾ?” ಎಂದಳು.

ಅವಳು ತಮಾಷೆಗೆ ಕೇಳಲಿಲ್ಲ. ಕಣ್ಣಲ್ಲಿ ನೀರಿತ್ತು. ಒಳಗೆ ಹೋಗಿ ದೊಡ್ಡವ್ವನಿಗೆ, ಈ ಸಲವಾದರೂ ಮೇಲಿನ ಮನೆಗೆ ನಡೆ ಎಂದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ತನ್ನ ತೀರ್ಮಾನ ಹೇಳಿದಳು.

“ಹುಡುಗಿದೇನೂ ತಪ್ಪಿಲ್ಲ. ಗಂಡನ ಮನ್ಯಾಗ ಏನೋ ತ್ರಾಸ ಐತಿ ಅಕಿಗೆ. ಇಲ್ಲಂದ್ರ ಯಾವ ಮಗಳು ವರ್ಷಾ ವರ್ಷಾ ಹಿಂಗ ಅಳಕೋತ ಕರಕೋತ ತವರಿಗೆ ಬರ್ತಾಳ? ಸಮುದ್ರಕ್ಕ ಹೋಗಿ ಅಳಿಯನ್ನ ಕೇಳತೀನಿ. ಅಂವ ಚಲೋತ್ನ್ಯಾಗ ಇಟ್ಕೋತೀನಿ ಅಂದ್ರ ಮುಗೀತು, ಅಕಿ ಯಾಕ ಬರ್ತಾಳ, ನಾ ಯಾಕ ಮನಿ ಬಿಡ್ಲಿ?”

ನಾನು ಗಜೇಂದ್ರಗಡದ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವವಳು. ಮಲಪ್ರಭೆ ಪಶ್ಚಿಮದ ಸಮುದ್ರಕ್ಕೆ ಹೋಗುವುದಿಲ್ಲ, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡಿ ಪೂರ್ವದ ಸಮುದ್ರಕ್ಕೆ ಹೋಗುತ್ತದೆ ಎಂದು ವರ್ಷಕ್ಕೊಮ್ಮೆ ನಕಾಶೆಯ ಮೇಲೆ ಕೋಲಿಟ್ಟು ತೋರಿಸುವುದೇ ನನ್ನ ಕೆಲಸ. ಅದನ್ನು ಅಲ್ಲೇ ಹೇಳಬಹುದಿತ್ತು. ಹೇಳಲಿಲ್ಲ. ಯಾಕೆಂದರೆ ಅವಳ ಮಾತು ಮುಗಿಯುವಷ್ಟರಲ್ಲಿ ನನ್ನ ತಲೆಯಲ್ಲಿ ಒಂದು ಕಿಡಿಗೇಡಿ ವಿಚಾರ ಬಂದು ಕೂತಾಗಿತ್ತು. ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋಗಿ ನಾನು ಸಮುದ್ರ ನೋಡಿದ್ದೆ. ಹೊಳೆಗೆ ಕೊಟ್ಟದ್ದು ಹೋಗುತ್ತದೆ, ಸಮುದ್ರಕ್ಕೆ ಕೊಟ್ಟದ್ದು ವಾಪಸ್ ಬರುತ್ತದೆ. ಹುಡುಗರ ಚೆಂಡು, ಚಪ್ಪಲಿ, ಬಾಟಲಿ, ಯಾವುದನ್ನೂ ಅದು ಇಟ್ಟುಕೊಂಡದ್ದು ನಾನು ಕಂಡಿಲ್ಲ. ಹೊಳೆ ದಂಡೆಯ ಹೆಂಗಸಿಗೆ ಇದು ಗೊತ್ತಿರಲು ಸಾಧ್ಯವೇ ಇಲ್ಲ.

“ಹೋಗೂಣಂತ ನಡಿ ದೊಡ್ಡವ್ವ” ಎಂದೆ. ಹಿತ್ತಲಲ್ಲಿ ನಿಂತಿದ್ದ ಸೊಸೆಗೆ ಕಣ್ಣು ಹೊಡೆದೆ.

ನಮ್ಮಲ್ಲಿಂದ ಕೆಲವು ಭಾನುವಾರ ಗೋಕರ್ಣಕ್ಕೆ ಒಂದು ಬಸ್ಸು ಬಿಡುತ್ತಾರೆ. ಬೆಳಗಿನ ಜಾವ ಗಜೇಂದ್ರಗಡ ಬಿಟ್ಟು, ರೋಣ, ನರಗುಂದದಲ್ಲಿ ಮಂದಿಯನ್ನು ತುಂಬಿಕೊಂಡು, ಹುಬ್ಬಳ್ಳಿ, ಯಲ್ಲಾಪುರದ ಮೇಲೆ ಹಾಯ್ದು, ಸಮುದ್ರ ತೋರಿಸಿ ಅದೇ ದಿನ ವಾಪಸ್ ತಂದು ಇಳಿಸುತ್ತಾರೆ. ನಾನು ಹತ್ತಿದಾಗ ಊರ ಗುಡ್ಡದ ಮೇಲಿನ ಗಾಳಿಯಂತ್ರಗಳು ಇನ್ನೂ ಕತ್ತಲಲ್ಲಿದ್ದವು. ನನ್ನ ಜೊತೆ ನಮ್ಮ ಓಣಿಯ ನೇಕಾರರ ಮನೆಯ ಹೆಂಗಸು. ಅವಳಿಗೆ ಓಣಿಯವರೆಲ್ಲ ಮಗ್ಗದ ವೈನಿ ಎನ್ನುತ್ತೇವೆ. ಮನೆಯಲ್ಲಿ ದಿನವಿಡೀ ಕೈಮಗ್ಗದ ಸೀರೆ ನೇಯುವವಳು, ಹಬ್ಬಕ್ಕೂ ಮಗ್ಗ ಬಿಟ್ಟು ಏಳದವಳು ದೊಡ್ಡವ್ವನ ಬೀಗರ ಕತೆ ಕೇಳಿ ಎದ್ದು ಬಂದಿದ್ದಳು. ಅವಳ ಕಾಲು ಬಸ್ಸಿನಲ್ಲೂ ಸುಮ್ಮನಿರದೆ ಮಗ್ಗ ತುಳಿಯುತ್ತಿತ್ತು.

ರೋಣದ ಬಸ್‌ಸ್ಟ್ಯಾಂಡಿನಲ್ಲಿ ದೊಡ್ಡವ್ವನನ್ನು ಮಗ ಮೋಟರ್ ಸೈಕಲ್ಲಿನ ಮೇಲೆ ತಂದು ಬಿಟ್ಟ. ಇಳಕಲ್ ಸೀರೆ, ಹಣೆ ತುಂಬ ವಿಭೂತಿ, ಬಗಲಲ್ಲಿ ಗಂಟು. ಮಗ ನನ್ನ ಕಿಟಕಿಯ ಹತ್ತಿರ ಬಂದು, “ನಿನ್ನ ಮ್ಯಾಲ ಬಿಟ್ಟೇನಿ ಅಕ್ಕಾ” ಎಂದು ಮೆಲ್ಲಗೆ ಹೇಳಿದ. ದೊಡ್ಡವ್ವ ಸೀಟಿನಲ್ಲಿ ಕೂತ ಕೂಡಲೇ ಗಂಟು ಬಿಚ್ಚಿ ಅಳಿಯನಿಗೆ ತಂದ ಆಯೇರಿ ತೋರಿಸಿದಳು. ಬೀಗರ ಮನೆಗೆ ಹೋಗುವಾಗ ಬಟ್ಟೆ, ಕಾಯಿ ಒಯ್ಯುವುದು ನಮ್ಮಲ್ಲಿ ಪದ್ಧತಿ. ಒಂದು ಟಾವೆಲ್, ತೆಂಗಿನಕಾಯಿ, ಉತ್ತತ್ತಿ, ಎಲೆ ಅಡಿಕೆ, ಎಲ್ಲ ಇತ್ತು.

ಮಗ್ಗದ ವೈನಿ ಟಾವೆಲ್ ಎತ್ತಿ, ಬೆರಳ ನಡುವೆ ತಿಕ್ಕಿ, ಮುಖ ಕಿವುಚಿದಳು. “ಇದು ಮಿಲ್ಲಿನ ಅರಿವಿರಿ. ಅಳಿಯಾಗ ಇದನ್ನ ಕೊಡ್ತೀರಿ?”

“ಅಂಗಡ್ಯಾಗ ಇದ ಚಲೋದಂದ್ರು.”

“ಅಂಗಡ್ಯಾಗಿನವ್ರು ಏನರ ಅಂತಾರ. ಅಂವ ಸಮುದ್ರ ಅದಾನ್ರಿ, ಸಣ್ಣ ಮನಿತನ ಅಲ್ಲ. ನಮ್ಮ ಭಾಗದ ಮರ್ಯಾದಿ ಏನಾಗಬೇಕು?” ಎಂದವಳು ತನ್ನ ಬುತ್ತಿಯ ಗಂಟು ಬಿಚ್ಚಿದಳು. ರೊಟ್ಟಿ ಕಟ್ಟಿದ್ದ ಬಟ್ಟೆ ಕೆಂಪು ಅಂಚಿನ ಕೈಮಗ್ಗದ ತುಂಡು. ರೊಟ್ಟಿಗಳನ್ನು ಟಾವೆಲ್ಲಿಗೆ ವರ್ಗ ಮಾಡಿ, ಬಟ್ಟೆಯನ್ನು ಝಾಡಿಸಿ ದೊಡ್ಡವ್ವನ ಕೈಗಿಟ್ಟಳು. ಶೇಂಗಾ ಚಟ್ನಿಯ ವಾಸನೆ ಹೊಡೆಯುತ್ತಿತ್ತು. ಅಳಿಯ ಬಾಯಿ ರುಚಿಯವನಿದ್ದರೆ ಒಳ್ಳೆಯದೇ ಆಯಿತು ಎಂದು ನಾನು ಸುಮ್ಮನಾದೆ.

ನರಗುಂದಕ್ಕೆ ಬರುವಷ್ಟರಲ್ಲಿ ಬೆಳಕು ಹರಿದಿತ್ತು. ಕರಿ ಹೊಲಗಳಲ್ಲಿ ಕಡಲೆ ಕಿತ್ತಾಗಿತ್ತು, ಬಿಳಿಜೋಳ ಕೊಯ್ದು ಸಾಲಾಗಿ ಮಲಗಿಸಿದ್ದರು. ನರಗುಂದದ ಗುಡ್ಡ ಕಿಟಕಿಯ ತುಂಬ ಬಂತು. ಅಲ್ಲಿ ಹತ್ತಿದವರಲ್ಲಿ ಒಬ್ಬ ಸಾಹುಕಾರರು ನಮ್ಮ ಮುಂದಿನ ಸೀಟಿಗೆ ಬಂದರು. ಪೇಟೆಯಲ್ಲಿ ರೈತರ ಕಾಳು ಮಾರಿಸಿಕೊಡುವ ಅವರ ಅಡತಿ ಅಂಗಡಿಯಿತ್ತಂತೆ, ಈಗ ಮಕ್ಕಳಿಗೆ ಒಪ್ಪಿಸಿ ತೀರ್ಥಯಾತ್ರೆ ಮಾಡುತ್ತಿದ್ದರು. ಕೂತವರೇ ಹಿಂದೆ ತಿರುಗಿ ನಮ್ಮ ಮಾತಿಗೆ ಕಿವಿ ಕೊಟ್ಟರು, ಆಮೇಲೆ ಬಾಯಿಯನ್ನೂ ಕೊಟ್ಟರು. ದೊಡ್ಡವ್ವ ಅವರಿಗೆ ತನ್ನ ವ್ಯಾಜ್ಯವನ್ನೆಲ್ಲ ವಿವರಿಸಿದಳು.

“ಮಲಪ್ರಭಾ ಅಂದ್ರಿ? ಅಲ್ಲರಿ ತಾಯಿ, ಮಲಪ್ರಭಾ ಅಂದ್ರ ಆ ಕಡೆ...” ಎಂದು ಸಾಹುಕಾರರು ಮೂಡಣ ದಿಕ್ಕಿಗೆ ಕೈ ಎತ್ತಿದರು.

ನಾನು ಹೌಹಾರಿ ಡಬ್ಬಿ ತೆಗೆದು, “ತಗೋರಿ ಮಾಮಾ, ಶೇಂಗಾ ಹೋಳಿಗಿ” ಎಂದು ಎತ್ತಿದ ಕೈಗೇ ಇಟ್ಟೆ. ನನ್ನ ಶೇಂಗಾ ಹೋಳಿಗೆ ನಮ್ಮ ಮನೆಯಲ್ಲಿ ಪ್ರಸಿದ್ಧ, ಒಮ್ಮೆ ಅಂಗುಳಕ್ಕೆ ಹತ್ತಿತೆಂದರೆ ಬಹಳ ಹೊತ್ತು ಮಾತಿಲ್ಲ. ಅದನ್ನು ನುಂಗುವಷ್ಟರಲ್ಲಿ ನವಲಗುಂದ ದಾಟಿತ್ತು. ಅಷ್ಟರಲ್ಲಿ ನಾನು ಅವರ ಕಿವಿಯಲ್ಲಿ ಬಸುರಿ ಸೊಸೆಯ ಕತೆಯನ್ನೂ ನನ್ನ ಹಂಚಿಕೆಯನ್ನೂ ಊದಿಬಿಟ್ಟಿದ್ದೆ. ಮನುಷ್ಯ ವ್ಯಾಪಾರಸ್ಥ. ಹೋಳಿಗೆ ನುಂಗಿ, ಮೀಸೆ ಒರೆಸಿಕೊಂಡು, ನನಗಿಂತ ಚೆನ್ನಾಗಿ ಪಾತ್ರ ವಹಿಸಿದರು.

“ತಾಯಿ, ಒಂದು ಮಾತು. ಅಳಿಯ ಬಾಯಿಬಿಟ್ಟು ಮಾತಾಡಾವಲ್ಲ. ಒಪ್ಪಿದನೋ ಇಲ್ಲೋ ಹ್ಯಾಂಗ ತಿಳೀಬೇಕು? ಮೊದಲ ಪಕ್ಕಾ ಮಾಡ್ಕೋರಿ. ಆಮ್ಯಾಲೆ ತಕರಾರು ಬ್ಯಾಡ.”

ದೊಡ್ಡವ್ವ ವಿಚಾರಕ್ಕೆ ಬಿದ್ದಳು. ನಾನು ಏನೂ ಗೊತ್ತಿಲ್ಲದವಳ ಹಾಗೆ ಕಿಟಕಿ ನೋಡುತ್ತ, “ಆಯೇರಿ ಒಳಗ ತಗೊಂಡ್ರ ಒಪ್ಪಿದಂಗ, ಹೊಳ್ಳಿ ದಂಡಿಗೆ ತಂದು ಒಗದ್ರ ಒಪ್ಪಲಿಲ್ಲ ಅಂದಂಗ” ಎಂದೆ. “ಒಪ್ಪಲಿಲ್ಲಂದ್ರ ಮಳಿಗಾಲಕ್ಕ ಮೊದಲ ಮ್ಯಾಲಿನ ಮನಿ. ಆತಿಲ್ಲೋ?”

“ಇಷ್ಟನ? ಹೊಳಿಗೆ ಬಿಟ್ಟದ್ದು ಎಂದರ ಹೊಳ್ಳಿ ಬಂದೈತೇನು? ಆತು” ಎಂದು ದೊಡ್ಡವ್ವ ನನ್ನ ಅಂಗೈ ಮೇಲೆ ಅಂಗೈ ಹಾಕಿ ಭಾಷೆ ಕೊಟ್ಟಳು. ಸಾಹುಕಾರರು ಸಾಕ್ಷಿ. ನನಗೆ ಒಳಗೊಳಗೆ ಕುಣಿಯುವಷ್ಟು ಖುಷಿ. ಸೊಸೆಗೆ ‘ಕೆಲಸ ಆದಂಗ’ ಎಂದು ಮೆಸೇಜ್ ಬೇರೆ ಹಾಕಿದೆ.

ಹುಬ್ಬಳ್ಳಿ ದಾಟಿ ಕಲಘಟಗಿ ಬಂದ ಮೇಲೆ ನೆಲದ ಬಣ್ಣ ಬದಲಾಯಿತು. ಯಲ್ಲಾಪುರದಿಂದ ಮುಂದೆ ಕಾಡು ಎರಡೂ ಕಡೆಯಿಂದ ಬಸ್ಸಿಗೆ ಒತ್ತಿಕೊಂಡು ಬಂತು. ನಾವು ಕಣ್ಣು ಹರಿಯುವಷ್ಟು ದೂರ ಬಯಲು ಕಂಡು ಬೆಳೆದ ಮಂದಿ. ಬಸ್ಸಿನಲ್ಲಿ ಅರ್ಧ ಮಂದಿಗೆ ಖುಷಿ, ಅರ್ಧ ಮಂದಿಗೆ ಉಸಿರು ಕಟ್ಟಿದಂತೆ. ಅರಬೈಲು ಘಟ್ಟ ಇಳಿಯುವಾಗ ಕೆಳಗೆ ಕಣಿವೆಯ ತುಂಬ ಹಸಿರು, ಅದರ ಮೇಲೆ ಮಂಜಿನ ಹೊಗೆ. ನಾನು ಇಷ್ಟು ಚೆಂದ ಎಲ್ಲೂ ಇಲ್ಲ ಎಂದುಕೊಳ್ಳುತ್ತಿದ್ದೆ. ದೊಡ್ಡವ್ವ ಕಿಟಕಿಯ ಸರಳು ಹಿಡಿದು ಬಹಳ ಹೊತ್ತು ನೋಡಿದಳು.

“ಇಷ್ಟು ಗಿಡ ಹಚ್ಚಿ ಕುಂತಾರಲ್ಲ, ಜ್ವಾಳಾ ಎಲ್ಲಿ ಬಿತ್ತತಾರ?”

“ಬಿತ್ತೂದಿಲ್ಲರಿ. ಈ ಕಡೆ ಎಲ್ಲಾರೂ ಅನ್ನಾ ಉಣ್ಣತಾರ” ಎಂದರು ಸಾಹುಕಾರರು.

“ರೊಟ್ಟಿನ ಇಲ್ಲ?”

“ಇಲ್ಲ.”

“ಅದಕ್ಕ ಮತ್ತ ಹುಡುಗಿ ಹೊಳ್ಳಿ ಬರ್ತಾಳ” ಎಂದು ದೊಡ್ಡವ್ವ ತೀರ್ಪು ಕೊಟ್ಟಳು. “ಮೊದಲನೇ ತಪ್ಪು ಇದ. ಹೇಳತೀನಿ ಅವಗ.”

ಅಲ್ಲಿಂದ ಮುಂದೆ ಬಸ್ಸಿನಲ್ಲಿ ಎಲ್ಲರೂ ಅವಳ ವಕೀಲರಾದರು. ಹಿಂದಿನ ಸೀಟಿನಲ್ಲಿದ್ದ ಶಿರೋಳದ ಹೆಂಗಸೊಬ್ಬಳು, ಅಳಿಯನಿಗೆ ಕಾಲುವೆ ನೀರಿನ ಮಾತನ್ನೂ ಒಂದೀಟು ಕಿವಿಗೆ ಹಾಕಬೇಕೆಂದು ಅರ್ಜಿ ಕೊಟ್ಟಳು. ಮಗ್ಗದ ವೈನಿ, ಗಜೇಂದ್ರಗಡಕ್ಕೆ ಹೊಳೆಯೇ ಇಲ್ಲ, ಮನೆ ಅಳಿಯನಾಗಿ ಬರುವಂಥ, ಇನ್ನೂ ಮದುವೆಯಾಗದ ತಮ್ಮಂದಿರು ಅವನಿಗಿದ್ದರೆ ನೋಡಿ ಬರಬೇಕೆಂದಳು. ಕಂಡಕ್ಟರ್, ಎಲ್ಲರ ಪರವಾಗಿ ಜಗಳ ಆಡ್ರಿ, ಹೊಡೆದಾಟ ಮಾತ್ರ ಬ್ಯಾಡ, ಬಸ್ಸು ಲಗೂ ಹೊಳ್ಳಬೇಕು ಎಂದ. ದೊಡ್ಡವ್ವ ಪ್ರತಿ ಊರಿಗೊಂದು ಬೈಗುಳ ಸೇರಿಸುತ್ತ ಅಂಕೋಲಾಕ್ಕೆ ಬರುವಷ್ಟರಲ್ಲಿ ಮಾತನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದಳು. “ನಮ್ಮ ಹುಡುಗೀನ್ನ ಅನಾಥಿ ಅಂತ ತಿಳಿದೀಯೇನು?” ಎಂದು ಆರಂಭ. ಅದನ್ನು ಕೇಳಿ ನಾವೇ ನಾಲ್ಕು ಸಲ ಬೆದರಿದ್ದೆವು.

ಗೋಕರ್ಣದಲ್ಲಿ ಇಳಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಬಸ್ಸಿನವರೆಲ್ಲ ದೇವರ ದರ್ಶನಕ್ಕೆ ಹೊರಟರು. ದೊಡ್ಡವ್ವ ಮಾತ್ರ, “ಮೊದಲ ಬೀಗರ ಮನಿ” ಎಂದು ಗಂಟು ಬಗಲಿಗೇರಿಸಿ ಗಾಳಿ ಬರುವ ಕಡೆಗೆ ನಡೆದಳು. ನಾನು, ಮಗ್ಗದ ವೈನಿ, ಸಾಹುಕಾರರು ಹಿಂದೆ ಓಡಿದೆವು. ಓಣಿಯೊಂದು ಮುಗಿದು ಮರಳು ಶುರುವಾಯಿತು. ಅದರಾಚೆ ಸಮುದ್ರ.

ದೊಡ್ಡವ್ವ ನಿಂತುಬಿಟ್ಟಳು. ಆ ಕಡೆ ದಂಡೆ ಎಲ್ಲಿದೆಯೆಂದು ಹುಡುಕುತ್ತಿದ್ದಳು. ಅಂಗೈಯನ್ನು ಹುಬ್ಬಿಗೆ ಹಚ್ಚಿ ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ಸೆರಗು ತಲೆಯ ಮೇಲೆ ಎಳೆದುಕೊಂಡಳು. ನಮ್ಮಲ್ಲಿ ಬೀಗರ ಎದುರಿಗೆ ಬರಿದಲೆಯಲ್ಲಿ ನಿಲ್ಲುವುದಿಲ್ಲ. ಮೆಲ್ಲಗೆ ನೀರಿಗಿಳಿದು ಬೊಗಸೆ ತುಂಬಿಕೊಂಡು, ಹೊಳೆಯಲ್ಲಿ ಮಾಡುವ ಹಾಗೆ ಬಾಯಿಗೆ ಹಾಕಿಕೊಂಡಳು. ನಾನು ಬೇಡ ಎನ್ನುವಷ್ಟರಲ್ಲಿ ಥೂ ಎಂದು ಉಗುಳಿದ್ದಳು.

“ಯವ್ವಾ, ಇಷ್ಟು ಉಪ್ಪೇನ?” ಎಂದಳು. ಅವಳ ಮುಖ ಕಂದಿತು. “ಎಂಥಾ ಮನೀಗೆ ಕೊಟ್ಟೇವಿ ಹುಡುಗೀನ್ನ.”

ಈಗ ಶುರುವಾಗುತ್ತದೆ ಎಂದು ನಾವು ಮೂವರೂ ಕಾದೆವು. ಮಗ್ಗದ ವೈನಿ ಮೊಬೈಲಿನಲ್ಲಿ ವಿಡಿಯೋ ಹಚ್ಚಿದಳು. ದೊಡ್ಡವ್ವ ಗಂಟಲು ಸರಿಮಾಡಿಕೊಂಡಳು. ಅಂಕೋಲಾದವರೆಗೆ ಮಸೆದುಕೊಂಡು ಬಂದ ಮಾತು ಒಂದೂ ಹೊರಗೆ ಬರಲಿಲ್ಲ.

“ಅಳಿಯಾರ” ಎಂದಳು. ಎರಡೂ ಕೈ ಜೋಡಿಸಿದ್ದಳು. “ನಾ ಜಗಳಕ್ಕ ಬಂದಿಲ್ಲರಿ. ಹುಡುಗಿ ಚಲೋ ಅದಾಳ. ಮಳಿಗಾಲದಾಗ ಒಂದೀಟು ಸಿಟ್ಟ ಬರತೈತಿ, ಅಷ್ಟ. ನೀವ ಸಮಾಧಾನ ಮಾಡ್ಕೋರಿ. ತವರಿಗೆ ಬ್ಯಾಡ ಅನ್ನೂದಿಲ್ಲ ನಾ, ಅಕಿ ಬಂದ್ರ ನನಗ ಖುಷಿನ. ಹೆಣ್ಣಮಕ್ಕಳಿಲ್ಲ ನನಗ. ಮಗ ಮನಿ ಬಿಡು ಅಂತಾನ. ಹ್ಯಾಂಗ ಬಿಡ್ಲರಿ? ಅಕಿ ಅಷ್ಟು ದೂರದಿಂದ ಬಂದು, ಕೀಲಿ ಹಾಕಿದ ಮನಿ ನೋಡಿ ಹೊಳ್ಳಿ ಹೋಗಬೇಕೇನು?”

ಮಗ್ಗದ ವೈನಿ ಮೊಬೈಲ್ ಕೆಳಗಿಳಿಸಿದಳು. ವರ್ಷಗಟ್ಟಲೆ ನಾವೆಲ್ಲ ಮುದುಕಿಗೆ ಹಟ ಎಂದುಕೊಂಡಿದ್ದೆವು. ಆ ಕೆಸರಿನ ಮನೆಯಲ್ಲಿ ಅವಳು ಕೂತದ್ದು ಮಗಳು ಬಂದಾಗ ಬಾಗಿಲು ತೆರೆಯುವವರು ಬೇಕೆಂದು.

ಅವಳು ಆಯೇರಿಯ ಗಂಟನ್ನು ನೀರ ಮೇಲೆ ಇಟ್ಟಳು. ತೆರೆ ಬಂತು, ಗಂಟು ಹೋಯಿತು. ನಾನು ನಿಶ್ಚಿಂತೆಯಿಂದ ನಿಂತಿದ್ದೆ. ಇನ್ನೊಂದು ತೆರೆ ಬಂತು, ನಾನು ಎಣಿಸಿದಂತೆಯೇ ತೆಂಗಿನಕಾಯಿ ಉರುಳುತ್ತ ಬಂದು ದೊಡ್ಡವ್ವನ ಪಾದಕ್ಕೆ ತಾಗಿ ನಿಂತಿತು. ಬಟ್ಟೆ ಮಾತ್ರ ಬರಲಿಲ್ಲ. ಕಾದೆವು, ಆಗಲೂ ಬರಲಿಲ್ಲ.

“ಕಾಯಿ ಬಂತು ದೊಡ್ಡವ್ವ” ಎಂದೆ. ದನಿಯಲ್ಲಿ ವಿಷಾದ ತರಲು ಹರಸಾಹಸ ಮಾಡುತ್ತಿದ್ದೆ. “ಒಪ್ಪಲಿಲ್ಲ ಅಂವ.”

ದೊಡ್ಡವ್ವ ಕಾಯಿ ಎತ್ತಿ ಉಡಿಯಲ್ಲಿ ಹಾಕಿಕೊಂಡು ನನ್ನ ಕಡೆ ತಿರುಗಿದಳು. ಮುಖ ಊರಗಲ ಅರಳಿತ್ತು. “ಏನ ಹುಡುಗಿ, ಸಾಲಿ ಕಲಸ್ತಿ, ಇಷ್ಟು ತಿಳೀವಲ್ದೇನು? ಬಟ್ಟಿ ಇಟ್ಕೊಂಡ. ಹೊಂಟ ಬೀಗರಿಗೆ ಕಾಯಿ ಕೊಟ್ಟು ಕಳಿಸಿದ. ದೊಡ್ಡ ಮನಿತನದವ್ರು ಬರಿಗೈಲೆ ಕಳಸ್ತಾರೇನು?”

ಹೌದು, ನಮ್ಮಲ್ಲಿ ಹಾಗೆಯೇ. ಆಯೇರಿ ತಂದವರು ಹೊರಡುವಾಗ ಕೈಗೊಂದು ಕಾಯಿ ಕೊಟ್ಟೇ ಕಳಿಸುತ್ತೇವೆ. ನಾನೂ ನೂರಾರು ಮದುವೆಯಲ್ಲಿ ಆ ಕಾಯಿ ತಂದು ಚಟ್ನಿ ಮಾಡಿದವಳು. ಇಷ್ಟೆಲ್ಲ ಜಾಣತನ ಮಾಡಿ ಇದೊಂದು ತಲೆಗೆ ಹೊಳೆದಿರಲಿಲ್ಲ. ಸಾಹುಕಾರರ ಕಡೆ ನೋಡಿದೆ. ಅವರು ಆಕಾಶ ನೋಡುತ್ತಿದ್ದರು. ಮಗ್ಗದ ವೈನಿಗೆ ಹೆಮ್ಮೆ ಬೇರೆ.

“ನಮ್ಮ ಮಗ್ಗದ್ದಲ್ಲೇನ್ರಿ? ಕೈಗೆ ಹತ್ತಿದ ಮ್ಯಾಲೆ ಯಾರು ಬಿಡ್ತಾರ?”

“ಫೋನ್ ಹಚ್ಚು” ಎಂದಳು ದೊಡ್ಡವ್ವ ನನಗೆ. “ಸೊಸಿಗೆ ಹೇಳತೀನಿ, ಚಿಂತಿ ಬ್ಯಾಡ, ಬಾಣಂತನ ಹಳೀ ಮನ್ಯಾಗ ಚಂದಂಗ ಮಾಡೂಣಂತ.”

ಟ್ರ್ಯಾಕ್ಟರಿನ ಟ್ರಾಲಿ ಕಣ್ಣ ಮುಂದೆ ಬಂತು. ಫೋನ್ ಕೈಯಲ್ಲಿ ಹಿಡಿದುಕೊಂಡು, ಹಿಂದೆ ಮುಂದೆ ನೋಡದೆ ಅಂದುಬಿಟ್ಟೆ. “ದೊಡ್ಡವ್ವ, ಮಲಪ್ರಭಾ ಇಲ್ಲಿಗೆ ಬರೂದ ಇಲ್ಲ. ಇಂವ ನಿನ್ನ ಅಳಿಯ ಅಲ್ಲ.”

“ಹ್ಯಾಂಗಂದಿ?”

“ಅಕಿ ಹುಟ್ಟೂದು ಈ ಘಟ್ಟದಾಗ. ಇಲ್ಲಿಗೆ ಹತ್ತರನ. ಆದ್ರ ಈ ಕಡೆ ಬರೂದಿಲ್ಲ, ಆ ಕಡೆ ಹೊಂಟು ಹೋಗತಾಳ. ಅಕಿ ಸೇರೂ ಸಮುದ್ರ ಮೂಡಣ ದಿಕ್ಕಿಗೆ ಐತ್ರಿ... ಐತಿ” ಎಂದು ಭಯಕ್ಕೆ ಅವಳಿಗೆ ‘ರಿ’ ಕೂಡ ಹಚ್ಚಿದೆ.

ದೊಡ್ಡವ್ವ ಸಾಹುಕಾರರನ್ನು ನೋಡಿದಳು. ಅವರು ಹೌದೆಂದು ತಲೆ ಹಾಕಿ, ಗಾಯಕ್ಕೆ ಎಣ್ಣೆ ಹಚ್ಚಲು ನೋಡಿದರು. “ಆದ್ರೂ ಎಲ್ಲಾ ಸಮುದ್ರದ ನೀರೂ ಒಂದರಿ ತಾಯಿ.”

“ಊರಾಗಿನವ್ರೆಲ್ಲಾ ಬೀಗರೇನ್ರಿ?” ಎಂದಳು ದೊಡ್ಡವ್ವ. ಆಮೇಲೆ ಸಮುದ್ರದ ಕಡೆ ನೋಡಿ, ಸೆರಗು ಬಾಯಿಗೆ ಹಚ್ಚಿಕೊಂಡು, “ಯಾರದೋ ಅಳಿಯನ ಮುಂದ ಇಷ್ಟೊತ್ತು ಮನಿ ಮಾತು ಆಡಿದೆನಲ್ಲ” ಎಂದು ನಗತೊಡಗಿದಳು. ನಗುತ್ತ ಮರಳಿನ ಮೇಲೆ ಕುಸಿದು ಕೂತಳು. ನಮಗೂ ನಗು ತಡೆಯಲಿಲ್ಲ. ಸಾಹುಕಾರರ ಕಣ್ಣಲ್ಲಿ ನೀರು ಬಂತು.

“ಗೊತ್ತಿದ್ದೂ ಇಲ್ಲಿಗೆ ಯಾಕ ಕರಕೊಂಡ ಬಂದೀ, ಕಳ್ಳಿ?” ಎಂದು ನನ್ನ ಬೆನ್ನಿಗೊಂದು ಕೊಟ್ಟಳು.

“ಆ ಸಮುದ್ರಕ್ಕ ನಮ್ಮ ಕಡಿಂದ ಬಸ್ಸಿಲ್ಲ ದೊಡ್ಡವ್ವ.”

ನಗು ನಿಂತ ಮೇಲೆ ಅವಳು, “ಮತ್ತ ಎಲ್ಲಿಗೆ ಹೋಗತಾಳ ಅಕಿ, ಸರಿಯಾಗಿ ಹೇಳು” ಎಂದಳು. ನಾನು ಹಸಿ ಮರಳಿನ ಮೇಲೆ ಬೆರಳಿನಿಂದ ಗೆರೆ ಎಳೆದೆ. ಇದು ಘಟ್ಟ, ಇಲ್ಲಿ ಹುಟ್ಟುತ್ತಾಳೆ. ಇದು ಸವದತ್ತಿಯ ಆಣೆಕಟ್ಟು. ಇದು ನಿಮ್ಮ ಊರು. ಇದು ಕೂಡಲಸಂಗಮ, ಇಲ್ಲಿ ಕೃಷ್ಣೆ ಜೊತೆಯಾಗುತ್ತಾಳೆ. ಇದು ಶ್ರೀಶೈಲ, ಗುಡ್ಡದ ಬುಡದಲ್ಲಿ ಹಾಯುತ್ತಾರೆ. ಆಮೇಲೆ ಆಂಧ್ರ. ಗೆರೆ ಎಳೆಯುತ್ತ ನಾನು ಕೂತಲ್ಲಿಂದ ಎದ್ದು, ಬಗ್ಗಿಕೊಂಡೇ ಬಹಳ ದೂರ ಹೋಗಬೇಕಾಯಿತು. ಕೊನೆಗೆ ನಿಂತು, “ಇಲ್ಲಿ ಐತಿ ಸಮುದ್ರ” ಎಂದು ಕೂಗಿದೆ.

ದೊಡ್ಡವ್ವ ಗೆರೆಯ ಪಕ್ಕದಲ್ಲೇ ನಡೆದುಕೊಂಡು ಬಂದಳು. ತನ್ನ ಊರಿಗೆಂದು ನಾನು ಇಟ್ಟ ಕಪ್ಪೆಚಿಪ್ಪಿನ ಹತ್ತಿರ ಹೊಳ್ಳಿ ಹೋಗಿ ನಿಂತಳು. ಅಲ್ಲಿಂದ ನನ್ನವರೆಗೂ ಗೆರೆಯನ್ನು ನೋಡಿದಳು. ಈಗ ಅವಳು ನಗುತ್ತಿರಲಿಲ್ಲ.

“ಇಷ್ಟು ದೂರ ಹೋಗೂದೈತೇನು ಅಕಿಗೆ?”

“ಹೂಂ.”

“ಅಂದ್ರ ಅಕಿ ನಮ್ಮ ಮನಿಗೆ ಬರಾಕಿ ಅಲ್ಲ. ಹೊಂಟಾಕಿ” ಎಂದಳು. “ಹಾದ್ಯಾಗ ಮನಿ ಕಟ್ಕೊಂಡು ಕುಂತು, ನನ್ನ ನೋಡಾಕ ಬಂದ್ಳು ಅಂದ್ಕೊಂಡೆ.”

ನನಗೆ ಗೆದ್ದ ಖುಷಿ ಒಂದಿಷ್ಟೂ ಆಗಲಿಲ್ಲ. ಅವಳ ಮಗಳನ್ನು ನಾನೇ ಕಿತ್ತುಕೊಂಡ ಹಾಗಾಗಿ ಬಹಳ ಕೆಟ್ಟದೆನಿಸಿತು. ಮರಳು ಕೊಡವಿಕೊಳ್ಳುತ್ತ ಅವಳ ಹತ್ತಿರ ಹೋದೆ. ಅವಳು ನನ್ನ ಕೈಯಲ್ಲಿದ್ದ ಫೋನನ್ನು ತಾನೇ ತೆಗೆದುಕೊಂಡು, “ಹಚ್ಚಿ ಕೊಡು” ಎಂದಳು. ಗಾಳಿಗೆ ಕೇಳಿಸದೆಂದು ನಾನು ಸ್ಪೀಕರ್ ಹಾಕಿ ಹಿಡಿದೆ.

“ಏನ್ ಮಾಡಾಕತ್ತಿ?” ಎಂದಳು ಸೊಸೆಗೆ.

“ಬ್ಯಾಳಿ ಹಸನ ಮಾಡಾಕತ್ತೀನ್ರಿ ಅತ್ತಿ.”

“ಅದನ್ನ ಬಿಡು. ಹೊಸ ಮನಿ ಕೀಲಿ ತಗೊಂಡು ಹೋಗಿ ಕಸಾ ಹೊಡದು ಬಾ. ನಾ ಬಂದ ಮ್ಯಾಲೆ ಚಲೋ ದಿನಾ ನೋಡಿ ಹಾಲು ಉಕ್ಕಸೂಣು. ನಿನ್ನ ಬಾಣಂತನ ಅಲ್ಲೇ.”

ಆ ಕಡೆಯಿಂದ ಮೂಗು ಏರಿಸಿಕೊಂಡ ಸಪ್ಪಳ ಮಾತ್ರ ಕೇಳಿಸಿತು.

“ಅಳಬ್ಯಾಡ ಹುಚ್ಚಿ, ಬಸುರಿ ಹೆಂಗಸು. ಮತ್ತ ಕೇಳಿಲ್ಲೆ. ಆ ಮನಿಗೆ ಎಲ್ಲಾ ಕಿಡಕಿ ರೋಡಿನ ಕಡೆ ಇಟ್ಟಾನ ನಿನ್ನ ಗಂಡ. ಹೊಳೀ ಕಡೆ ಒಂದು ಗ್ವಾಡಿ ಒಡದು ಕಿಡಕಿ ಇಡಸಂತ ಹೇಳು, ನನ್ನ ಹಾಸಿಗಿ ಪಕ್ಕಕ್ಕ ಬರೂ ಹಂಗ.” ಅವಳು ಉಡಿಯಲ್ಲಿದ್ದ ಕಾಯಿ ಸರಿಮಾಡಿಕೊಂಡಳು. “ಬರೂದಂತೂ ಸುಳ್ಳಾತು. ಹೋಗೂದರ ಕಾಣಲಿ.”